ಎತ್ತು ಒಲ್ಲೆನೆಂದ ಮನೆ

ನಿಜಾಮರ ಕಾಲದ ಮಾತು. ಬೇವೂರಿನ ಹೊಲದಲ್ಲಿದ್ದ ನಮ್ಮ ಮುತ್ತಜ್ಜನ ಮನೆಯನ್ನು ಮಾರಲು ಹೊರಟಿದ್ದೆವು. ನನ್ನ ಹೆಂಡತಿ ಆನೆಗೊಂದಿಯವಳು, ಹೊಳೆದಂಡೆಯಲ್ಲಿ ಬೆಳೆದವಳು. ನಮ್ಮ ಸವುಳು ಬಾವಿಯ ಉಪ್ಪುನೀರು ಸೇದಿ ಸೇದಿ ಅವಳ ಅಂಗೈ ದಡ್ಡುಗಟ್ಟಿತ್ತು. ಎಲ್ಲ ಮಾರಿ ಆನೆಗೊಂದಿಯಲ್ಲಿ ಬಾಳೆ ಹಾಕೋಣ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಕುಷ್ಟಗಿ ಕಡೆಯ ಹಿರಿಯ ರೈತರೊಬ್ಬರು ಮನೆ, ಹೊಲ ಎರಡನ್ನೂ ಇದ್ದ ಹಾಗೇ ಕೊಳ್ಳಲು ಒಪ್ಪಿದ್ದರು. ಸುಗ್ಗಿ ಮುಗಿಸಿ ಬರುತ್ತೇನೆ ಎಂದಿದ್ದರು. ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನ್ನ ಜಾತಕದಲ್ಲೇ ಇಲ್ಲ.

ಅಷ್ಟರಲ್ಲಿ ಮದುವೆಯೊಂದಕ್ಕೆ ಹೈದರಾಬಾದಿಗೆ ಹೋಗಿ, ಒಂದು ಹವೇಲಿಯ ಪಡಸಾಲೆಯಲ್ಲಿ ಕೂತು ಬಂದೆ. ತಲೆ ತಿರುಗಿತು. ನಮ್ಮದೂ ಹಳೆಯ ಮನೆಯೇ. ಎರಡು ಮೊಳ ದಪ್ಪದ ಗೋಡೆ, ಕೆತ್ತನೆಯ ಬಾಗಿಲು. ಅದಕ್ಕೇನು ಕಡಿಮೆ? ಮುರಿದ ತೊಲೆ ಬದಲಿಸಿದೆ, ಮಾಳಿಗೆಗೆ ಹೊಸ ಮಣ್ಣು ಹಾಕಿಸಿದೆ. ಅಲ್ಲಿಯವರೆಗೆ ಯಾರೂ ನನ್ನನ್ನು ಬೈಯುವ ಹಾಗಿರಲಿಲ್ಲ.

ಆಮೇಲೆ ತಲಬಾಗಿಲ ಒಳಗಿನ ದನದ ಜಾಗಕ್ಕೆ ಕೈ ಹಾಕಿದೆ. ನಮ್ಮ ಕಡೆ ಎತ್ತುಗಳು ಮನೆಯೊಳಗೇ ಇರುತ್ತವೆ. ಅವುಗಳ ಉಸಿರು ಕೇಳಿಸದಿದ್ದರೆ ಯಜಮಾನನಿಗೆ ನಿದ್ದೆ ಬರುವುದಿಲ್ಲ. ನಾನು ಅವು ಮೇವು ತಿನ್ನುವ ಗೋದಲಿಯನ್ನು ಒಡೆಸಿ, ನೆಲಕ್ಕೆ ಶಹಾಬಾದಿನ ಫರಸಿ ಕಲ್ಲು ಹಾಸಿಸಿ, ಎಣ್ಣೆ ಹಚ್ಚಿ ಮುಖ ಕಾಣುವ ಹಾಗೆ ತಿಕ್ಕಿಸಿದೆ. ಕೊಳ್ಳುವವರು ಎತ್ತು ಎಲ್ಲಿ ಕಟ್ಟಬೇಕು ಎಂದು ಹೆಂಡತಿ ಒಂದೇ ಸಲ ಕೇಳಿದಳು. ಹೆಂಗಸರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಮೀಸೆ ತಿರುವಿದೆ. ಮೀಸೆಯೂ ತಿರುವುವಷ್ಟು ದೊಡ್ಡದೇನಿರಲಿಲ್ಲ.

ಸುಗ್ಗಿ ಮುಗಿಯಿತು. ಹಿರಿಯರು ತಮ್ಮ ಎತ್ತನ್ನು ಹಿಡಿದುಕೊಂಡೇ ಬಂದರು. ಹೊಸ ಮನೆಗೆ ಮೊದಲು ಎತ್ತು ಕಾಲಿಡಬೇಕು, ಅದು ಒಲ್ಲದಿದ್ದರೆ ತಾವೂ ಒಲ್ಲರು. ಅದು ಅವರ ಮನೆತನದ ಪದ್ಧತಿ. ಎತ್ತು ಹೊಸ್ತಿಲು ದಾಟಿ ಫರಸಿಯ ಮೇಲೆ ಮುಂಗಾಲಿಟ್ಟಿತು. ಗೊರಸು ಸರ್ರನೆ ಜಾರಿತು. ಮೊಣಕಾಲೂರಿ ಎದ್ದದ್ದೇ ಹಿಂದಕ್ಕೆ ಜಗ್ಗಿ, ಹೊರಗೆ ಬೇವಿನ ಗಿಡದ ಕೆಳಗೆ ನಿಂತುಬಿಟ್ಟಿತು. ಬೆಲ್ಲ ತೋರಿಸಿದೆ, ಬೆನ್ನು ಸವರಿ ಒಳಗೆ ಕರೆದೆ. ಕಡೆಗೆ ಆ ಫರಸಿಯ ಮೇಲೆ ಅಂಗಾತ ಬಿದ್ದವನು ನಾನೇ.

"ಮನಿ ಭಾಳ ಛಲೋ ಮಾಡೀರಿ ಗೌಡ್ರ," ಎಂದರು ಹಿರಿಯರು. "ಯಾರರೆ ಸಾಹೇಬರಿಗೆ ಕೊಡ್ರಿ. ನನ್ನ ಎತ್ತು ಒಲ್ಲೆ ಅಂತೈತಿ."

ಹೆಂಡತಿ ಒಳಗೆ ಪಾತ್ರೆಗಳನ್ನೆಲ್ಲ ಗಂಟು ಕಟ್ಟಿ ಇಟ್ಟಿದ್ದಳು. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಅವಳು ಅಳಲಿಲ್ಲ, ಬೈಯಲಿಲ್ಲ. ಹಾರೆ ಹಿಡಿದು ಹೊರಗೆ ಬಂದಳು. ಒಂದೀಟು ನಿಂದರ್ರಿ ಯಪ್ಪಾ ಎಂದು ಹಿರಿಯರಿಗೆ ಹೇಳಿ, ನನ್ನ ಕಡೆ ತಿರುಗಿದಳು.

"ನೀವು ಅಲ್ಲೇ ಕುಂದರ್ರಿ. ಮತ್ತೇನೂ ಮಾಡಬ್ಯಾಡ್ರಿ."

ಕೂತೆ. ಅವಳು ಒಂದೊಂದೇ ಕಲ್ಲನ್ನು ಮೀಟಿ ಎಬ್ಬಿಸತೊಡಗಿದಳು. ಸ್ವಲ್ಪ ಹೊತ್ತು ನೋಡಿದ ಹಿರಿಯರೂ ಧೋತರ ಎತ್ತಿ ಕಟ್ಟಿ ಕೈ ಜೋಡಿಸಿದರು. ಹಳೆಯ ಮಣ್ಣಿನ ನೆಲ ಕಂಡಿತು. ಎತ್ತು ತಾನಾಗಿಯೇ ಒಳಗೆ ಬಂದು, ಅಲ್ಲಿಲ್ಲಿ ಮೂಸಿ, ಗೋದಲಿಯಿದ್ದ ಜಾಗದ ಮುಂದೆ ಕಾಲು ಮಡಿಚಿ ಮಲಗಿತು. ವ್ಯಾಪಾರ ಮುಗಿಯಿತು.

ಗಾಡಿ ಹೇರುವಾಗ ಅವಳು ಎಲ್ಲಕ್ಕಿಂತ ದೊಡ್ಡ ಫರಸಿಯೊಂದನ್ನು ಹೇರಿಸಿದಳು. ಪರವಾಗಿಲ್ಲ, ನನ್ನ ಕೆಲಸಕ್ಕೂ ಒಂದಿಷ್ಟು ಬೆಲೆ ಇದೆ ಎಂದು ಉಬ್ಬಿದೆ. ಆನೆಗೊಂದಿಗೆ ಬಂದ ಮರುದಿನ ಅದು ಹೊಳೆಗೆ ಹೋಯಿತು. ಮೊಣಕಾಲುದ್ದ ನೀರಿನಲ್ಲಿ ನಿಂತು, ಅದರ ಮೇಲೆ ನನ್ನ ಧೋತರವನ್ನು ಎತ್ತೆತ್ತಿ ಒಗೆಯುತ್ತ ಅವಳು ನಗುತ್ತಿದ್ದಳು.

"ಕಲ್ಲು ಭಾಳ ಛಲೋ ಆರಿಸೀರಿ ನೋಡ್ರಿ," ಎಂದಳು.

ಆ ಮನೆಗೆ ನಾನು ಮಾಡಿದ್ದೆಲ್ಲದರಲ್ಲಿ ಅವಳು ಮೆಚ್ಚಿದ್ದು ಅದೊಂದೇ.