ಅಕ್ಕ ಎದ್ದು ಹೋಗುವ ಜಾಗ

ವಿಶ್ವವಿದ್ಯಾಲಯದಲ್ಲಿ ಅವಳನ್ನು ಎಲ್ಲರೂ ಖಾಲಿ ಮೇಡಂ ಎಂದೇ ಕರೆಯುತ್ತಿದ್ದರು, ಎದುರಿಗಲ್ಲ. ನಾಟಕ ವಿಭಾಗಕ್ಕೆ ಪಾಠ ಮಾಡಲು ಬಂದ ಮೊದಲ ವರ್ಷವೇ ಅವಳು ರಂಗದ ಪರದೆ ತೆಗೆಸಿದಳು. ಮರುವರ್ಷ ಬಣ್ಣ ಬಳಿದ ಅರಮನೆ, ಕಾಡು, ಕಂಬಗಳೆಲ್ಲ ಉಗ್ರಾಣ ಸೇರಿದವು. ಆಮೇಲೆ ಕಿರೀಟ ಹೋಯಿತು, ಮೀಸೆ ಹೋಯಿತು, ಒಂದು ಸಲ ಮಾತೂ ಹೋಯಿತು. ತಾಲೀಮಿನಲ್ಲಿ ಅವಳ ಬಾಯಲ್ಲಿ ಒಂದೇ ಮಂತ್ರ: "ಇದು ಯಾಕೆ ಬೇಕು? ಖಾಲಿ ಮಾಡಿ."

ವಿಭಾಗದ ಮುಖ್ಯಸ್ಥರು ಒಮ್ಮೆ ಸಭೆಯಲ್ಲಿ, "ಮೇಡಂ, ಇನ್ನು ತೆಗೆಯೋಕೆ ಉಳಿದಿರೋದು ಪ್ರೇಕ್ಷಕರು ಮಾತ್ರ," ಎಂದರು.

"ಅದನ್ನ ಅವರೇ ನೋಡ್ಕೋತಾರೆ ಸರ್," ಎಂದಳು ಅವಳು.

ಅವಳ ಮೊದಲ ರಂಗ ಅಕ್ಕನ ಹೊಲಿಗೆ ಮೇಜಿನ ಕೆಳಗಿತ್ತು. ಅಮ್ಮ ತೀರಿಕೊಂಡಾಗ ಅವಳಿನ್ನೂ ಅಕ್ಷರ ಕೂಡಿಸಿ ಓದುತ್ತಿದ್ದಳು. ಅಕ್ಕ ಆಗಲೇ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರಿಗೆಲ್ಲ ಬಟ್ಟೆ ಹೊಲಿಯುತ್ತಿದ್ದಳು. ಮೇಜಿನಿಂದ ಇಳಿಬಿದ್ದ ಗಿರಾಕಿಗಳ ಬಟ್ಟೆಯೇ ಅಕ್ಕ ಪುಟ್ಟಿ ಎಂದು ಕರೆಯುತ್ತಿದ್ದ ಈ ತಂಗಿಗೆ ಪರದೆ, ಉದುರಿದ ಗುಂಡಿಗಳೇ ರಾಜ, ರಾಣಿ, ಸೈನ್ಯ. ಯಂತ್ರದ ಟಕಟಕ ನಿಂತಿತೆಂದರೆ ಅಕ್ಕ ಬಗ್ಗಿ ನೋಡುತ್ತಿದ್ದಾಳೆ ಎಂದರ್ಥ. ಆಗ ಮೇಜಿನ ಕೆಳಗಿನ ರಾಣಿಯ ದನಿ ತಾನಾಗಿಯೇ ಏರುತ್ತಿತ್ತು. ಆ ಟಕಟಕ ನಿಲ್ಲಲಿ ಎಂದೇ ಅವಳು ಜೀವಮಾನವಿಡೀ ನಾಟಕ ಆಡಿಸಿದಳು ಎಂದರೂ ತಪ್ಪಿಲ್ಲ.

ಆದರೆ ಅದೇ ಅಕ್ಕ ಅವಳ ನಾಟಕಗಳನ್ನು ಪೂರ್ತಿ ನೋಡುತ್ತಿರಲಿಲ್ಲ.

ಓದು ಮುಗಿಸಿ ಅವಳು ಆಡಿಸಿದ ಮೊದಲ ನಾಟಕದಲ್ಲಿ ನಟರು ಪ್ರೇಕ್ಷಕರಿಗೆ ಬೆನ್ನು ಹಾಕಿ ಕೂತು ಉಸಿರಾಡಿದರು. ಬಹಳ ಹೊತ್ತು ಉಸಿರಾಡಿದರು. ದೀಪ ಹತ್ತಿದಾಗ ಸಭಾಂಗಣದಲ್ಲಿ ಉಳಿದವರು ಇಬ್ಬರೇ: ಮೊದಲ ಸಾಲಿನಲ್ಲಿ ಅಕ್ಕ, ಬಾಗಿಲಲ್ಲಿ ಕಾವಲುಗಾರ. ಕಾವಲುಗಾರ ಬೀಗ ಹಾಕಲು ಕಾಯುತ್ತಿದ್ದ. ಅಕ್ಕ ತಿರುಗಿ ಖಾಲಿ ಕುರ್ಚಿಗಳನ್ನು ನೋಡಿದಳು. ಅಂದಿನಿಂದ ಪ್ರತಿ ನಾಟಕಕ್ಕೂ ಬಂದಳು, ಮೊದಲ ಸಾಲಿನ ತುದಿಯ ಕುರ್ಚಿಯಲ್ಲೇ ಕೂತಳು, ಅರ್ಧಕ್ಕೇ ಎದ್ದು ಹೋದಳು.

"ಇಸ್ತ್ರಿಪೆಟ್ಟಿಗೆ ಆರಿಸಿದ್ನೋ ಇಲ್ವೋ ಅಂತ ಅನುಮಾನ ಬಂತು ಕಣೇ ಪುಟ್ಟಿ," ಎಂಬುದು ಒಂದು ಸಲದ ಕಾರಣ.

"ಬೆಕ್ಕನ್ನ ಒಳಗೇ ಬಿಟ್ಟು ಬಾಗಿಲು ಹಾಕಿಬಿಟ್ಟಿದ್ದೆ," ಎಂಬುದು ಇನ್ನೊಂದು ಸಲದ್ದು.

"ನಮ್ಮನೇಲಿ ಬೆಕ್ಕೆಲ್ಲಿದೆ ಅಕ್ಕ?"

"ಅದಕ್ಕೇ ಗಾಬರಿಯಾಯ್ತು."

ಬಟ್ಟೆಯ ಬಗ್ಗೆ ಅಕ್ಕನಿಗೆ ಬೇರೆಯೇ ಸಿಟ್ಟಿತ್ತು. "ಹೊಲಿಯೋಕೆ ನಾನಿದ್ರೂ ನಿನ್ನ ಹುಡುಗರಿಗೆಲ್ಲ ಒಂದೇ ಕರಿ ಅಂಗಿ. ಯಾರು ರಾಜ, ಯಾರು ಕಳ್ಳ ಅಂತ ಹೇಗೆ ಗೊತ್ತಾಗ್ಬೇಕು?"

"ಗೊತ್ತಾಗ್ಬಾರ್ದು, ಅದೇ ನಾಟಕ."

"ಚೆನ್ನಾಗಿದೆ! ನಾನೂ ಗಿರಾಕಿಗೆ ಹೇಳ್ತೀನಿ, ಎದೆ ಯಾವುದು ಬೆನ್ನು ಯಾವುದು ಗೊತ್ತಾಗ್ಬಾರ್ದು, ಅದೇ ಅಂಗಿ ಅಂತ."

ಪುಟ್ಟಿ ನಕ್ಕುಬಿಡುತ್ತಿದ್ದಳು. ಆದರೂ ನಾಟಕ ಬೇಸರವಾಗಿಯೇ ಅಕ್ಕ ಏಳುತ್ತಾಳೆ ಎಂಬುದು ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಅಷ್ಟರಲ್ಲಿ ಅವಳ ಹೆಸರು ನಾಲ್ಕು ಊರಿಗೆ ಹಬ್ಬಿತ್ತು. ಮೆಟ್ಟಿಲುಗಳ ಮೇಲೆ ನಾಟಕ ಆಡಿಸಿದಳು, ಗ್ರಂಥಾಲಯದ ಕಪಾಟುಗಳ ನಡುವೆ ಆಡಿಸಿದಳು. ಒಮ್ಮೆ ನಿಂತ ಬಸ್ಸಿನೊಳಗೆ ಆಡಿಸುವಾಗ, ಏನೂ ತಿಳಿಯದ ಚಾಲಕ ಹತ್ತಿ ಬಸ್ಸು ಹೊರಡಿಸಿಬಿಟ್ಟ. ಪ್ರೇಕ್ಷಕರು ಮುಂದಿನ ನಿಲ್ದಾಣದಲ್ಲಿ ಇಳಿದು ಚಪ್ಪಾಳೆ ತಟ್ಟಿದರು. ತರಗತಿಯಲ್ಲಿ ಅವಳ ನಿಯಮವೂ ಅದೇ ಆಗಿತ್ತು: "ರಂಗದಲ್ಲಿ ಏನಾದರೂ ಅದು ನಾಟಕವೇ. ಬಿದ್ದರೆ, ಬಿದ್ದದ್ದೇ ನಾಟಕ. ಅದನ್ನ ಬಿಡಬೇಡಿ, ಉಪಯೋಗಿಸಿ."

ನಿವೃತ್ತಿಯ ವರ್ಷ ಬಂದಾಗ ಅವಳಿಗಿದ್ದದ್ದು ಒಂದೇ ಆಸೆ. ಈ ಕೊನೆಯ ನಾಟಕವನ್ನಾದರೂ ಅಕ್ಕ ಕೊನೆಯವರೆಗೆ ನೋಡಬೇಕು.

ನಾಟಕ ಸರಳವಾಗಿತ್ತು. ಮುಚ್ಚಿದ ಕಿಟಕಿಯೊಂದರ ಮುಂದೆ ಜನ ಸಾಲಾಗಿ ನಿಂತು ಕಾಯುತ್ತಾರೆ. ಜಗಳ, ಗೆಳೆತನ, ಪ್ರೇಮ ಎಲ್ಲವೂ ಸಾಲಿನಲ್ಲೇ ನಡೆಯುತ್ತದೆ. ಎರಡು ಸಂಜೆಗಳ ಪ್ರದರ್ಶನ. ಮೊದಲ ಸಂಜೆ, ಅರ್ಧ ನಾಟಕ ಆಗುತ್ತಿದ್ದಂತೆ ಅಕ್ಕ ಕೈಚೀಲ ಹೆಗಲಿಗೇರಿಸಿ ಎದ್ದು, ರಂಗದ ಮುಂದಿನಿಂದಲೇ ನಿಧಾನವಾಗಿ ನಡೆದು ಹೊರಟುಹೋದಳು. ಹಿಂದಿನ ಗೋಡೆಗೆ ಒರಗಿ ನಿಂತಿದ್ದ ತಂಗಿ ಕಣ್ಣು ಮುಚ್ಚಿಕೊಂಡಳು.

ಮರುದಿನ ಪತ್ರಿಕೆಯ ವಿಮರ್ಶಕರು ಬರೆದಿದ್ದರು: "ಪ್ರೇಕ್ಷಕರ ನಡುವೆ ಕೂರಿಸಿದ್ದ ವೃದ್ಧೆಯೊಬ್ಬಳು ಕಾದು ಸೋತು ಎದ್ದು ನಡೆಯುವ ಕ್ಷಣವೇ ಇಡೀ ನಾಟಕದ ಹೃದಯ. ನಿರ್ದೇಶಕಿಯ ಕಲ್ಪನೆಗೆ ಶರಣು."

ಬೆಳಿಗ್ಗೆಯೇ ಮುಖ್ಯ ಪಾತ್ರದ ಹುಡುಗಿ ಓಡಿ ಬಂದಳು. ದನಿ ದೊಡ್ಡದಾದ್ದರಿಂದ ಅವಳಿಗೆ ಗಂಟಲು ಎಂದೇ ಅಡ್ಡಹೆಸರು. "ಮೇಡಂ, ಇವತ್ತು ಅಲ್ಲೇ ಮುಗಿಸೋಣ! ಅಜ್ಜಿ ಎದ್ದು ಹೋಗ್ತಾರೆ, ನಾವೂ ಸಾಲು ಬಿಟ್ಟು ಹಿಂದೇನೇ ಹೋಗ್ತೀವಿ. ನೀವೇ ಹೇಳ್ತೀರಲ್ಲ, ಬಿಡಬೇಡಿ, ಉಪಯೋಗಿಸಿ ಅಂತ."

ತನ್ನ ಮಂತ್ರ ತನಗೇ ತಿರುಗಿತ್ತು. ಹೊಗಳಿಕೆಯೂ ರುಚಿಸಿತ್ತು. ಅಕ್ಕ ಹೇಗೂ ಏಳುವವಳೇ. "ಆಯ್ತು," ಎಂದಳು.

ಮನೆಗೆ ಬಂದರೆ ಅಕ್ಕ ಕತ್ತರಿ ಹಿಡಿದು ಪತ್ರಿಕೆಯ ಮುಂದೆ ಕೂತಿದ್ದಳು. "ವೃದ್ಧೆಯಂತೆ! ಯಾರೇ ಅವನು?"

"ದೊಡ್ಡ ವಿಮರ್ಶಕರು ಅಕ್ಕ."

"ಕಣ್ಣು ಮಾತ್ರ ಚಿಕ್ಕದು. ಕಾದು ಸೋತಳಂತೆ. ನಾನೇನು ನಿನ್ನ ನಟೀನಾ? ಇವತ್ತು ಏಳೋದೇ ಇಲ್ಲ, ನೋಡ್ತಿರು."

ತಂಗಿ ಅಡಕತ್ತರಿಯಲ್ಲಿ ಸಿಕ್ಕಿದಳು. ಅಕ್ಕ ಎದ್ದರೆ ನಾಟಕ ಗೆಲ್ಲುತ್ತದೆ, ಕೂತರೆ ತನ್ನ ಆಸೆ. ಗಂಟಲಿಗೆ ತಿಳಿಸಬೇಕೆಂದು ಹೊರಟವಳು, ಏನಾದರೂ ಅದು ನಾಟಕವೇ ಎಂದುಕೊಂಡು ದಾರಿಯಲ್ಲೇ ಮನಸ್ಸು ಬದಲಿಸಿ ಹಿಂತಿರುಗಿದಳು.

ಸಂಜೆ ಪತ್ರಿಕೆ ಓದಿದವರೆಲ್ಲ ಬಂದು ಸಭಾಂಗಣ ತುಂಬಿತು. ಅಕ್ಕನ ಕುರ್ಚಿಗೆ ನೇರ ಮೇಲೆ, ಛಾವಣಿಗೆ, ಹುಡುಗರು ಪುಟ್ಟ ದೀಪವೊಂದನ್ನು ಕಟ್ಟಿದ್ದರು. ನಾಟಕದಲ್ಲಿ ಅಕ್ಕ ಏಳಬೇಕಾದ ಜಾಗ ಬಂತು. ದೀಪ ಹತ್ತಿತು. ಸಾಲಿನಲ್ಲಿದ್ದವರು ಮಾತು ನಿಲ್ಲಿಸಿ ಕಾದರು. ಅಕ್ಕ ಕೈಚೀಲವನ್ನು ಮಡಿಲಲ್ಲಿ ಒತ್ತಿ ಹಿಡಿದು ಬಂಡೆಯಂತೆ ಕೂತಿದ್ದಳು.

ಗಂಟಲು ಕೆಮ್ಮಿದಳು. "ಹೊತ್ತಾಯ್ತು, ಮನೆಗೆ ಹೋಗೋರು ಹೋಗಬಹುದು," ಎಂದು ರಂಗದಿಂದಲೇ ಸೂಚನೆ ಕೊಟ್ಟಳು.

"ನೀವು ಬೇಕಾದ್ರೆ ಹೋಗಿ," ಎಂದಳು ಅಕ್ಕ.

ಸಭಾಂಗಣ ನಕ್ಕಿತು. ನಟರು ಮತ್ತೆ ಮೊದಲಿಂದ ಜಗಳವಾಡಿದರು. ಮುಗಿದ ಪ್ರೇಮ ಇನ್ನೊಮ್ಮೆ ಶುರುವಾಯಿತು. ಪ್ರತಿ ಸಲವೂ ಎಲ್ಲರ ಕಣ್ಣು ತುದಿಯ ಕುರ್ಚಿಗೇ ಬರುತ್ತಿತ್ತು. ಕೊನೆಗೆ ಖಾಲಿ ಮೇಡಂ ಗೋಡೆ ಬಿಟ್ಟು, ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆದು ಬಂದು ಅಕ್ಕನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಅಕ್ಕಾ, ಏಳೇ."

"ನಾಟಕ ಮುಗೀಲಿ."

"ನೀನು ಎದ್ರೇ ಮುಗಿಯೋದು."

"ಇಷ್ಟು ವರ್ಷ ಅರ್ಧಕ್ಕೇ ಎದ್ದೆ, ಅವತ್ತೆಲ್ಲ ಮುಗೀಲಿಲ್ವಲ್ಲ."

"ಅವತ್ತೆಲ್ಲ ಯಾಕೆ ಎದ್ದೆ? ಬೆಕ್ಕಿನ ಕತೆ ಬೇಡ."

ಅಕ್ಕ ರಂಗವನ್ನೇ ನೋಡುತ್ತ ದನಿ ತಗ್ಗಿಸಿದಳು. "ಮೊದಲನೇ ನಾಟಕದಲ್ಲಿ ಕೊನೇತನಕ ಕೂತಿದ್ದೆ. ತಿರುಗಿ ನೋಡಿದ್ರೆ ಒಬ್ಬರೂ ಇಲ್ಲ. ನಿನ್ನ ಮುಖ ಅವತ್ತು ಹೇಗಿತ್ತು ಅಂತ ನನಗೆ ಗೊತ್ತು. ಅದನ್ನ ಇನ್ನೊಂದು ಸಲ ನೋಡೋಕಾಗಲ್ಲ ಅಂತ, ಜನ ಏಳೋಕೆ ಮೊದಲು ನಾನೇ ಎದ್ದು ಹೋಗ್ತಿದ್ದೆ."

ರಂಗದ ಮೇಲಿನ ಸಾಲೂ ಇವರತ್ತಲೇ ತಿರುಗಿ ನಿಂತಿತ್ತು.

"ಜನ ಇದ್ದಾರೇನೇ?" ಎಂದು ಅಕ್ಕ ಕೇಳಿದಳು.

"ತಿರುಗಿ ನೋಡು."

ಅಕ್ಕ ತಿರುಗಿದಳು. ಕುರ್ಚಿಗಳೆಲ್ಲ ತುಂಬಿದ್ದವು. ಗೋಡೆಯ ಉದ್ದಕ್ಕೂ ಜನ ನಿಂತಿದ್ದರು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ಕಾವಲುಗಾರನೂ ಇದ್ದ, ಬೀಗ ಜೇಬಿನಲ್ಲಿತ್ತು.

"ಹಾಗಿದ್ರೆ ಕೈ ಕೊಡು," ಎಂದಳು ಅಕ್ಕ. "ಕೂತು ಕೂತು ಕಾಲು ಮರಗಟ್ಟಿದೆ."

ಇಬ್ಬರೂ ಕೈ ಹಿಡಿದು ರಂಗದ ಮುಂದೆ ನಡೆದರು. ಹಿಂದೆಯೇ ಸಾಲು ಕದಲಿತು. ಚಪ್ಪಾಳೆ ಬಾಗಿಲಾಚೆಗೂ ಕೇಳುತ್ತಿತ್ತು. ಅಕ್ಕ ಅದನ್ನು ಕಿವಿಗೊಟ್ಟು ಪೂರ್ತಿ ಕೇಳಿದಳು.

"ಹೇಗಿತ್ತು ಅಕ್ಕ?"

"ಬಟ್ಟೆ ಚೆನ್ನಾಗಿದೆ, ಅಳತೆ ಸರಿಯಿಲ್ಲ," ಎಂದಳು ಅಕ್ಕ, ಮರಗಟ್ಟಿದ ಕಾಲನ್ನು ಕುಟ್ಟಿಕೊಳ್ಳುತ್ತ. "ಬಹಳ ಉದ್ದ ಆಯ್ತು ಕಣೇ. ಕೆಳಗಡೆ ಒಂದಿಷ್ಟು ಕತ್ತರಿಸಬೇಕು."