ಯಾವ ದೇಶವೆಂದು ದೇವರನ್ನು ಕೇಳಿದ್ದು

ನಾಲ್ವರ ಪಾಸ್‌ಪೋರ್ಟೂ ಕಪಾಟಿನಲ್ಲಿ ಕೂತಿದ್ದವು. ಹೋಗುವುದು ಯಾವ ದೇಶಕ್ಕೆ ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದಾರೆ ಎಂದು ಓಣಿಯವರು ನಕ್ಕರು. ನಗಲಿ, ನಗುವುದಕ್ಕೇನು ದುಡ್ಡು ಕೊಡಬೇಕೇ! ನನ್ನ ಯಜಮಾನರು ದೇಶದ ಮೇಲೆ ದೇಶ ತಂದು ಮುಂದಿಡುತ್ತಿದ್ದರು. ನಾನು ಒಂದೊಂದಕ್ಕೂ ಒಂದು ಕೊಂಕು ತೆಗೆದು ವಾಪಸ್ಸು ಕಳಿಸುತ್ತಿದ್ದೆ.

ಮುಂಡರಗಿಯಲ್ಲಿ ಅವರದು ಬೀಜ-ಗೊಬ್ಬರದ ಅಂಗಡಿ. ಒಂದು ವರ್ಷ ವ್ಯಾಪಾರ ಜೋರಾಗಿ ನಡೆದದ್ದಕ್ಕೆ ಬೀಜದ ಕಂಪನಿಯವರು ಅಂಗಡಿಯವರ ಗುಂಪಿನ ಜೊತೆ ಇವರನ್ನೂ ಥಾಯ್ಲೆಂಡಿಗೆ ಕರೆದುಕೊಂಡು ಹೋಗಿದ್ದರು. ತಿರುಗಿ ಬಂದಾಗಿನಿಂದ ಒಂದೇ ಜಪ. "ನಾ ಒಬ್ಬನ ನೋಡಿ ಬಂದ್ರ ಏನ್ ಬಂತು? ಮಕ್ಳು ಸಣ್ಣವ್ರಿದ್ದಾಗ ತೋರಿಸಬೇಕು. ದೊಡ್ಡವ್ರಾದ ಮ್ಯಾಲೆ ನಮ್ಮ ಜೋಡಿ ಬರ್ತಾರೇನು?" ಮಗಳು ಆಗ ಒಂದನೆಯ ತರಗತಿ. ಮಗ ಇನ್ನೂ ತೊದಲು ಮಾತಿನವನು.

"ದುಬೈ?" ಎಂದರು ಮೊದಲು.

"ಮುಂಡರಗಿ ಬಿಸಲ ಸಾಲವಲ್ದೇನು ನಿಮಗ?" ಎಂದೆ.

ಶ್ರೀಲಂಕಾ ಎಂದರು. ಎಲ್ಲಿ ನೋಡಿದರೂ ಸಮುದ್ರ, ಹುಡುಗ ಓಡಿಬಿಟ್ಟರೆ ಯಾರು ಹಿಡಿಯುವವರು ಎಂದೆ. ನೇಪಾಳ ಎಂದರು. ಅಲ್ಲಿಯ ಥಂಡಿಗೆ ದೊಡ್ಡವರೇ ಉಸಿರು ಬಿಡಲಾರರು ಎಂದೆ. ಕೊನೆಗೆ ಸಿಂಗಾಪುರ ಎಂದರು. ಅದನ್ನು ತಂದದ್ದು ಮಗಳಿಗೋಸ್ಕರ. ಅವಳಿಗೆ ಪೆಂಗ್ವಿನ್ ಹುಚ್ಚು. ಚಿತ್ರದ ಪುಸ್ತಕದಲ್ಲಿ ನೋಡಿದಾಗಿನಿಂದ, ದುಪಟ್ಟಾ ಬೆನ್ನಿಗೆ ಹಾಕಿಕೊಂಡು ಅದರ ಹಾಗೆ ನಡೆಯುವುದೇ ನಡೆಯುವುದು. ಸಿಂಗಾಪುರದಲ್ಲಿ ಪೆಂಗ್ವಿನ್‌ಗಳನ್ನು ಗಾಜಿನಾಚೆ ಹತ್ತಿರದಿಂದ ನೋಡಬಹುದಂತೆ.

"ಹೊರಗ ಸೆಕಿ, ಒಳಗ ಎ.ಸಿ. ಒಳಗ ಹೊರಗ ಮಾಡಿ ಮಕ್ಳಿಗೆ ನೆಗಡಿ, ಜ್ವರ ಬರೂವ," ಎಂದೆ.

"ಹಂಗಾದ್ರ ಇನ್ನ ಚಂದ್ರಲೋಕ ಒಂದ ಉಳೀತು ನೋಡು. ಅಲ್ಲಿ ಗಾಳೀನ ಇಲ್ಲ, ನೆಗಡಿ ಹೆಂಗ ಬರ್ತೈತಿ! ಕುಣಿಯಾಕ ಬರಲಾರದಾಕಿ ಅಂಗಳ ಡೊಂಕ ಅಂದ್ಲಂತ."

"ಕುಣಿಯಾಕ ನಿಮಗ ಛಂದ ಬರ್ತೈತಲ್ಲ, ನೀವ ಹೋಗಿ ಕುಣಿದ ಬರ್ರಿ!" ಎಂದು ತಾಟನ್ನು ಸ್ವಲ್ಪ ಜೋರಾಗಿಯೇ ಕುಕ್ಕಿ ಒಳಗೆ ಹೋದೆ.

ಬಿಸಿಲೂ ಅಲ್ಲ, ಥಂಡಿಯೂ ಅಲ್ಲ, ನನ್ನ ಸಂಕಟ ಬೇರೆಯೇ ಇತ್ತು. ಮಗಳು ಇನ್ನೂ ಅಂಗನವಾಡಿಗೆ ಹೋಗುತ್ತಿದ್ದ ಕಾಲ. ಡೋಣಿ ಊರಿನ ಬಂಧುಗಳ ಮನೆಯಲ್ಲಿ ಊಟ ಮುಗಿಸಿ ಕಾರಿನಲ್ಲಿ ಬರುತ್ತಿದ್ದೆವು. ಅವಳಿಗೆ ಬೆಳಗಿನಿಂದ ಮೈ ಬೆಚ್ಚಗಿತ್ತು. ಕಪ್ಪತಗುಡ್ಡದ ಮೇಲಿನ ಕರೆಂಟು ತೆಗೆಯುವ ಗಾಳಿಪಂಖಗಳನ್ನು ತೋರಿಸುತ್ತ ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಇದ್ದಕ್ಕಿದ್ದಂತೆ ಕೂಸು ಸೆಟೆದುಕೊಂಡಿತು. ಕಣ್ಣುಗುಡ್ಡೆಗಳು ಮೇಲಕ್ಕೆ ಹೋದವು, ಬಾಯಲ್ಲಿ ನೊರೆ. ಕರೆದರೆ ಓಗೊಡಲಿಲ್ಲ. ಸತ್ತೇ ಹೋಯಿತೆಂದುಕೊಂಡೆ. ಮುಂಡರಗಿಯ ಡಾಕ್ಟರ ಬಾಗಿಲು ಮುಟ್ಟುವಷ್ಟರಲ್ಲಿ ಅವಳು ಕಣ್ಣು ಬಿಟ್ಟು ಅಳತೊಡಗಿದ್ದಳು. ಸಣ್ಣ ಮಕ್ಕಳಲ್ಲಿ ಕೆಲವರಿಗೆ ಜ್ವರ ಏರಿದಾಗ ಹೀಗೆ ಆಗುತ್ತದೆ, ಬೆಳೆದಂತೆ ಹೋಗುತ್ತದೆ, ಹೆದರಬೇಡಿ ಎಂದು ಡಾಕ್ಟರು ಹೇಳಿದರು. ಆಮೇಲೆ ಅದು ಮತ್ತೆ ಬರಲೂ ಇಲ್ಲ. ಆದರೆ ನಾನು ಆ ರಸ್ತೆಯಲ್ಲೇ ಉಳಿದುಬಿಟ್ಟೆ. ಯಾವ ಊರಿಗೆ ಹೋಗುವ ಮಾತು ಬಂದರೂ ನನ್ನ ಮನಸ್ಸು ಮೊದಲು ಆ ಊರಿನ ಆಸ್ಪತ್ರೆಯನ್ನು ಹುಡುಕುತ್ತಿತ್ತು. ಶಾಲೆಗೆ ಹೋಗುವಾಗ ಅವಳ ಹಣೆ ಮುಟ್ಟುತ್ತಿದ್ದೆ, ಬಂದಾಗ ಮುಟ್ಟುತ್ತಿದ್ದೆ, ಆಡುವಾಗ ನಡುವೆ ಕರೆದು ಮುಟ್ಟುತ್ತಿದ್ದೆ.

ನಮ್ಮ ಜಗಳ ಕೇಳಿ ಕೇಳಿ ಬೇಸತ್ತ ಅತ್ತೆ, ಅಂದರೆ ಮಕ್ಕಳ ಆಯಿ, ಒಂದು ದಿನ, "ನಿಮ್ಮ ನಿಮ್ಮೊಳಗ ಬಗಿಹರಿಯಂಗಿಲ್ಲ ಇದು. ದೇವರಿಗೆ ಹೂ ಹಚ್ಚಿ ಕೇಳೂಣು ನಡೀರಿ," ಎಂದರು.

ಅತ್ತೆಯ ತವರು ತುಂಗಭದ್ರೆಯ ದಂಡೆಯ ಹಮ್ಮಿಗಿ. ಅಲ್ಲೊಂದು ಸಣ್ಣ ಗುಡಿ ಇದೆ. ದೇವರ ಮೈಗೆ ಎರಡೂ ಕಡೆ ನೀರಿನಲ್ಲಿ ಅದ್ದಿದ ಹೂ ಅಂಟಿಸಿ ಮನಸ್ಸಿನಲ್ಲಿ ಒಂದು ಮಾತು ಕೇಳುವುದು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಹೆಣ್ಣು ನೋಡಲಿಕ್ಕೆ, ಬೋರ್‌ವೆಲ್ ಹೊಡೆಸಲಿಕ್ಕೆ ಹೀಗೆ ಕೇಳುವುದನ್ನು ಕಂಡಿದ್ದೆ. ಪರದೇಶದ ಪ್ರವಾಸಕ್ಕೆ ಕೇಳಿದವರನ್ನು ಕಂಡಿರಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು, ಆದರೂ ಒಂದು ಮಾತಿಲ್ಲದೆ ಒಪ್ಪಿಕೊಂಡೆ. ದೇವರೇ ಬೇಡ ಎಂದುಬಿಟ್ಟರೆ ನನ್ನನ್ನು ಯಾರೂ ಏನೂ ಅನ್ನುವಂತಿಲ್ಲವಲ್ಲ!

ಸೋಮವಾರ ಬೆಳಿಗ್ಗೆ ಎಲ್ಲರೂ ಹೋದೆವು. ಪೂಜಾರಿ ಹೂ ಹಚ್ಚಿದರು. "ಸಿಂಗಾಪುರ ಅಂತ ಬಿಡಿಸಿ ಕೇಳಬೇ ಯವ್ವಾ," ಎಂದು ಇವರು ತಾಯಿಯ ಕಿವಿಯಲ್ಲಿ ಮೂರು ಸಲ ಹೇಳಿದರು. ಅತ್ತೆ ಕಣ್ಣು ಮುಚ್ಚಿ ಕೈಮುಗಿದು ನಿಂತರು. ಬಹಳ ಹೊತ್ತು ಏನೂ ಅಲುಗಲಿಲ್ಲ. ಆಮೇಲೆ ಎಡಗಡೆಯ ಹೂ ಮೆಲ್ಲಗೆ ಜಾರಿ ಬಿತ್ತು.

ಇವರ ಮುಖ ಸಣ್ಣದಾಯಿತು. "ಆತು ಬಿಡು, ದೇವರ ಒಲ್ಲೆ ಅಂದಮ್ಯಾಲೆ ಏನ್ ಮಾಡೂದು," ಎಂದು ಹೊರಗೆ ಹೋಗಿ ಹೊಳೆಯ ಕಡೆಗಿನ ಕಟ್ಟೆಯ ಮೇಲೆ ಕೂತರು. ನನಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಸುಳ್ಳು ಏಕೆ ಹೇಳಲಿ, ಖುಷಿಯೇ ಆಯಿತು. ನಾನೂ ಹೊರಗೆ ಬಂದು ಮಕ್ಕಳಿಗೆ ಕಾಯಿಯ ಚೂರು ಹಂಚಲು ಕೂತೆ.

ಆಗ ಮಗಳು ನನ್ನ ಹತ್ತಿರ ಬಂದು, ದೊಡ್ಡವರ ಹಾಗೆ ಕೈ ಕಟ್ಟಿ ನಿಂತಳು.

"ಮಮ್ಮಿ, ನೀವು ತಮ್ಮನ್ನ ಕರಕೊಂಡ ಹೋಗ್ರಿ. ನಾ ಆಯಿ ಜೋಡಿ ಮನಿಯಾಗ ಇರ್ತೀನಿ. ನನಗ ಜ್ವರ ಬರ್ತಾವಲ್ಲ, ಅದಕ್ಕ ದೇವರು ಬ್ಯಾಡ ಅಂದಾನ. ಪೆಂಗ್ವಿನ್ ಫೋಟೋ ತಗೊಂಡ ಬರ್ರಿ, ಸಾಕು."

ಅಳಲಿಲ್ಲ ಅವಳು. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಎಷ್ಟೋ ದಿನಗಳ ಹಿಂದೆಯೇ ಈ ಮಾತನ್ನು ಒಪ್ಪಿಕೊಂಡವಳ ಹಾಗೆ ಹೇಳಿದಳು. ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟೆ.

ಅತ್ತೆ ಪಕ್ಕದಲ್ಲಿ ಬಂದು ಕೂತರು. "ಅಳಬ್ಯಾಡ. ಸಿಂಗಾಪುರದ ಮಾತ ನಾ ಅಲ್ಲೆ ಎತ್ತೇ ಇಲ್ಲ ಯವ್ವಾ," ಎಂದರು.

ಕಟ್ಟೆಯ ಮೇಲಿದ್ದ ಇವರು ಎದ್ದೇ ನಿಂತರು. "ಮತ್ತೇನ್ ಕೇಳಿದಿಬೇ?"

"ಹೊಳಿದಂಡಿ ದೇವರು ಅಂವಾ. ಅವಗ ನಿನ್ನ ವಿಮಾನದ ಊರು ಏನ್ ಗೊತ್ತು? ನನ್ನ ಸೊಸಿ ಎದಿಯಾಗಿನ ಅಂಜಿಕಿ ಹೋಗತೈತೇನಪಾ ಅಂತ ಕೇಳಿದ್ನಿ."

ಎಡಗಡೆಯ ಹೂ ಬಿದ್ದದ್ದು ಅದಕ್ಕೆ. "ಹಂಗಾದ್ರ ಇದು ಹೋಗೂದ ಇಲ್ಲೇನ್ರಿ ಅತ್ತೀ?" ಎಂದೆ. ವಿಜ್ಞಾನ ಆ ಕ್ಷಣಕ್ಕೆ ಎಲ್ಲಿ ಹೋಗಿತ್ತೋ.

"ಇಲ್ಲ," ಎಂದರು ಅತ್ತೆ, ಸಂತೆಯಲ್ಲಿ ಬದನೆಕಾಯಿ ಮುಗಿದಿದೆ ಎಂದು ಹೇಳುವಷ್ಟು ಸಹಜವಾಗಿ. "ಅದು ಹೋದಮ್ಯಾಲೆ ಹೊಂಡತೀನಿ ಅಂತ ಕಾಯ್ಕೊಂತ ಕುಂಡ್ರಬ್ಯಾಡ. ಹಡದಾಕಿಗೆ ಅಂಜಿಕಿ ಹೋಗೂದಿಲ್ಲ ಯವ್ವಾ. ನಿನ್ನ ಗಂಡನ ತಲಿ ಬೆಳ್ಳಗಾಗಾಕ ಹತ್ತೈತಿ, ಇನ್ನೂ ಅಂವಾ ಗದಗಿಗೆ ಗಾಡಿ ತಗೊಂಡ ಹೊಂಟ್ರ ತಿರುಗಿ ಬರೂಮಟಾ ನಾ ಬಾಗಲಾ ಕಾಯ್ತೀನಿ. ಹೋಗಬ್ಯಾಡ ಅಂತ ಎಂದಾದ್ರೂ ಅಂದೀನೇನು?"

ಇವರು ಹೊಳೆಯ ಕಡೆ ಮುಖ ಮಾಡಿದರು. ಅವರಿಗೂ ಇದು ಗೊತ್ತಿರಲಿಲ್ಲವೆಂದು ಕಾಣುತ್ತದೆ. ನಾನಂತೂ ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದು, ಅತ್ತೆ ಸಂಜೆ ಬಾಗಿಲಲ್ಲಿ ಕೂರುವುದು ಗಾಳಿಗೆ ಎಂದೇ ತಿಳಿದಿದ್ದೆ.

ಮುಖ ಒರೆಸಿಕೊಂಡೆ. "ಸಿಂಗಾಪುರಕ್ಕ ಹೋಗೂಣ್ರಿ," ಎಂದೆ. "ನಾಕೂ ಮಂದಿ."

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಅಲ್ಲಿ ನನಗ ಜ್ವರ ಬಂದ್ರ?"

"ಬಂದ್ರ ಬರ್ಲಿ. ಅಲ್ಲೂ ಡಾಕ್ಟರು ಅದಾರ. ನಾ ಇರ್ತೀನಿ."

ಹೇಳುವಾಗ ದನಿ ನಡುಗಿತು. ಎಷ್ಟು ಬಿಗಿ ಹಿಡಿದರೂ ನಿಲ್ಲಲಿಲ್ಲ. ಅವಳಿಗೆ ಅದು ಕೇಳಿಸಿತು. ಕಾಯಿಯ ಜಿಗುಟಿದ್ದ ತನ್ನ ಅಂಗೈಯನ್ನು ತಂದು ನನ್ನ ಹಣೆಯ ಮೇಲಿಟ್ಟು, ನಾನು ದಿನಾ ಮಾಡುವ ಹಾಗೆಯೇ ಸ್ವಲ್ಪ ಹೊತ್ತು ಹಿಡಿದು ನೋಡಿದಳು.

"ಅಂಜಬ್ಯಾಡ ಮಮ್ಮಿ," ಎಂದಳು. "ನಾನೂ ಬರ್ತೀನಲ್ಲ."