ಮುಂದಿನ ಆದೇಶದವರೆಗೆ

ಮೊದಲ ದಿನವೇ ನನಗೆ ಡಾಕ್ಟರ್ ಪಾತ್ರ ಅಂಟಿಸಲು ನೋಡಿದರು. ಗಾಯವಾದವರಿಗೆ ಬ್ಯಾಂಡೇಜ್ ಸುತ್ತುವುದು, ಉಳಿದ ಹೊತ್ತು ಹಿಂದೆ ನಿಲ್ಲುವುದು. "ಆಂಟಿ, ಆಪ್ ಡಾಕ್ಟರ್ ಬನ್ ಜಾವೊ ನಾ, ಆರಾಮ್ ರಹತಾ," ಅಂದ ಎದುರಿಗೆ ಕೂತ ಗಡ್ಡದವನು.

"ನಕ್ಕೋ, ಬೇಡ," ಅಂದೆ. "ನಾನು ಹ್ಯಾಕರ್."

ಇದು ಉಪ್ಪಲ್‌ನಲ್ಲಿ, ನನ್ನ ತಂಗಿಯ ಮಗಳ ಫ್ಲಾಟಿನಲ್ಲಿ. ಭಾನುವಾರ ಊಟವಾದ ಮೇಲೆ ಅವಳೂ ಅವಳ ಆಫೀಸಿನ ಮೂವರು ಗೆಳೆಯರೂ ಡೈನಿಂಗ್ ಟೇಬಲ್ ಸುತ್ತ ಕೂತು ಒಂದು ಆಟ ಆಡುತ್ತಾರೆ. ಕಾಗದ, ಪೆನ್ಸಿಲು, ದಾಳ, ಉಳಿದದ್ದೆಲ್ಲ ಬಾಯಿಮಾತು. ಮುಂದೆಂದೋ ಬರುವ ಒಂದು ನಗರ, ಅದನ್ನು ಆಳುವ ಕಂಪನಿಗಳು, ಅವುಗಳ ಕಂಪ್ಯೂಟರುಗಳಿಗೆ ಕನ್ನ ಹಾಕುವ ನಾವು. ಕಥೆ ನಡೆಸುವವಳು, ಕಂಪನಿಯವರ ಪರವಾಗಿ ಮಾತಾಡುವವಳು ತಂಗಿಯ ಮಗಳು. ನಿವೃತ್ತಳಾದ ಮೇಲೆ ಮನೆಯಲ್ಲಿ ಕೂತು ಎಲ್ಲರ ಮೇಲೆ ರೇಗುತ್ತೇನೆಂದು ಅವಳೇ ನನ್ನನ್ನು ಕರೆದಿದ್ದಳು. ನಾನಿರುವ ಮೆಹದಿಪಟ್ಟಣಂನಿಂದ, ಹೆಂಗಸರಿಗೆ ಪುಕ್ಕಟೆ ಕೊಡುವ ಝೀರೋ ಟಿಕೆಟ್ ಹಿಡಿದು ಬಸ್ಸಿನಲ್ಲಿ ಹೋಗುತ್ತಿದ್ದೆ.

ಹ್ಯಾಕರ್ ಆದವರು ತಾವೇ ಒಳನುಗ್ಗಬಹುದು, ಇಲ್ಲವೇ ಒಂದು ಪ್ರೋಗ್ರಾಮನ್ನು ಕಳಿಸಬಹುದು. ಅದಕ್ಕೆ ಏಜೆಂಟ್ ಅನ್ನುತ್ತಿದ್ದರು. ಅದರ ಬುದ್ಧಿಗೆ ಒಂದು ಅಂಕಿ ಇರುತ್ತದೆ, ನಮ್ಮದರದ್ದು ಮೂರು. ಜೊತೆಗೆ ಮೂರೇ ಉಪಕರಣ: ಬೀಗ ತೆರೆಯಲು ಒಂದು, ಅಡಗಲು ಒಂದು, ಅಳಿಸಲು ಒಂದು. ಅದು ಮಾಡಬೇಕಾದ್ದನ್ನು ಮೊದಲೇ ಒಂದು ಚೀಟಿಯಲ್ಲಿ ಬರೆದುಕೊಡಬೇಕು. ಬಿಟ್ಟ ಮೇಲೆ ಹೊಸ ಆದೇಶ ಕಳಿಸಬಹುದೇ ಹೊರತು ನಡುವೆ ನಾವು ಬಾಯಿ ಹಾಕುವಂತಿಲ್ಲ. ಚೀಟಿಯಲ್ಲಿದ್ದಂತೆ ಅದು ತಾನೇ ನಡೆಯುತ್ತದೆ, ಅದರ ದಾಳವನ್ನು ಕಥೆ ನಡೆಸುವವಳೇ ಉರುಳಿಸುತ್ತಾಳೆ. ಚೀಟಿಯಲ್ಲಿಲ್ಲದ್ದು ಎದುರಾದರೆ ಆ ಮೂರರ ಬುದ್ಧಿಗೆ ಏನು ತೋಚುತ್ತದೋ ಅದು. ಇನ್ನೊಂದು ನಿಯಮ ಕೇಳಿ ನನಗೆ ನಗು ಬಂತು. ಏಜೆಂಟ್ ಒಳಗೆ ಏನೇ ಮಾಡಲಿ, ಕಂಪನಿಯ ಸಂಶಯ ಮಾತ್ರ ಕಳಿಸಿದವರ ಹೆಸರಿಗೆ ಏರುತ್ತ ಹೋಗುತ್ತದೆ. ಅದು ಮಿತಿ ದಾಟಿತೋ, ನಾವು ಎಲ್ಲಿದ್ದೇವೆಂದು ಅವರಿಗೆ ತಿಳಿದುಬಿಡುತ್ತದೆ.

ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ನಾನು ಬರೆದದ್ದು ಇಂಥ ಚೀಟಿಗಳನ್ನೇ. ಆದೇಶದ ಕರಡು ನನ್ನದು, ಸಹಿ ಸಾಹೇಬರದು, ತಪ್ಪಾದರೆ ಮತ್ತೆ ನನ್ನದು.

ಅಂಥ ಒಂದು ತಪ್ಪಿನ ಕಥೆ ಹೇಳಬೇಕು. ನಮ್ಮ ಮೂರನೇ ಮಹಡಿಯ ಹೆಂಗಸರ ಶೌಚಾಲಯಕ್ಕೆ ಸದಾ ಬೀಗ, ಕೀಲಿ ಅಧಿಕಾರಿಗಳ ಹತ್ತಿರ. ಕಸ ಗುಡಿಸುವ ಹೆಂಗಸರು ಅದನ್ನು ತೊಳೆಯಬಹುದು, ಬಳಸುವಂತಿಲ್ಲ. ಅವರಿಗೂ ಒಂದು ಕೀಲಿ ಕೊಡತಕ್ಕದ್ದೆಂದು ನಾನು ಕರಡು ಬರೆದೆ. ಸಾಹೇಬರು ಓದದೆ ಸಹಿ ಹಾಕಿದರು. ಹದಿನೈದು ದಿನ ಚೆನ್ನಾಗಿಯೇ ನಡೆಯಿತು. ಆಮೇಲೆ ಯಾರೋ ಮೂಗು ಮುರಿದರು. ಗುಮಾಸ್ತರ ಕಣ್ತಪ್ಪಿನಿಂದ ಹೊರಟ ಆದೇಶ, ಹಿಂಪಡೆಯಲಾಗಿದೆ ಎಂದು ಬರೆಯಲು ಸಾಹೇಬರು ಹೇಳಿದರು. ಬರೆದೆ. ಕೀಲಿಯನ್ನು ನಾನೇ ಹೋಗಿ ಇಸಿದುಕೊಂಡು ಬಂದೆ. ಕಸ ಗುಡಿಸುವವಳು ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಆ ನಾಚಿಕೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಆಟಕ್ಕೆ ಬರುತ್ತೇನೆ. ಕಂಪನಿಯೊಂದು ಬಡವರ ಬಸ್ತಿಯನ್ನು ಕೆಡವಲು ಮನೆಗಳ ಪಟ್ಟಿ ಮಾಡಿತ್ತು. ಪಟ್ಟಿ ಇಲ್ಲದೆ ಬುಲ್ಡೋಜರ್ ಹೊರಡುವಂತಿಲ್ಲ. ಅದನ್ನು ಅಳಿಸುವುದು ನಮ್ಮ ಕೆಲಸ. 'ಹೋಗಿ ಅಳಿಸು' ಅಂತ ಎರಡು ಪದ ಸಾಕು ಅಂದರು ಉಳಿದವರು. ನಾನು ಚೀಟಿಯ ಎರಡೂ ಬದಿ ತುಂಬಿಸಿದೆ. ಪಟ್ಟಿಯೂ ಅದರ ಪ್ರತಿಗಳೂ. ಬೇರೆ ಹೆಸರಿನಲ್ಲಿ ಇಟ್ಟಿದ್ದರೆ ಅವೂ. ಕಾವಲು ಎದುರಾದರೆ ಜಗಳಕ್ಕಿಳಿಯದೆ ಅಡಗತಕ್ಕದ್ದು. ಎಲ್ಲರೂ ನಕ್ಕರು. ತಂಗಿಯ ಮಗಳು ದಾಳ ಉರುಳಿಸಿಯೇ ಉರುಳಿಸಿದಳು, ಚೀಟಿಯಲ್ಲಿ ಒಂದು ಸಂದೂ ಸಿಗಲಿಲ್ಲ. ಪಟ್ಟಿ ಅಳಿಸಿಹೋಯಿತು, ಅವರ ನಗುವೂ ನಿಂತಿತು.

ಮುಂದಿನ ಭಾನುವಾರ ಅವಳು ಚೀಟಿಯ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದಳು: 'ಈ ಆದೇಶವು ಮುಂದಿನ ಆದೇಶದವರೆಗೆ ಜಾರಿಯಲ್ಲಿರತಕ್ಕದ್ದು.'

ಅದನ್ನು ಬರೆದದ್ದೇ ನನಗೆ ನೆನಪಿರಲಿಲ್ಲ. ಮೂವತ್ತೊಂದು ವರ್ಷ ಪ್ರತಿ ಆದೇಶವನ್ನೂ ಹಾಗೆಯೇ ಮುಗಿಸಿದ ಕೈ, ಇದನ್ನೂ ಹಾಗೆಯೇ ಮುಗಿಸಿತ್ತು.

"ಏಜೆಂಟ್ ಹೊರಗ ಬಂದೇ ಇಲ್ರಿ ದೊಡ್ಡವ್ವ," ಅಂದಳು. "ಕಂಪನಿ ಹೊಸಾ ಪಟ್ಟಿ ಮಾಡಿದಾಗೊಮ್ಮೆ ಅಳಸಾಕತ್ತೈತಿ. ನಿಮ್ಮ ಮ್ಯಾಲ ಸಂಶಯ ಭಾಳ ಏರೇತಿ. ಈಗ ಅವರು ನಿಮ್ಮ ಬಾಗಲಿಗೇ ಬಂದಾರ."

ಮೂವರೂ ನನ್ನ ಮೇಲೆ ಮುಗಿಬಿದ್ದರು. ಬೇಗ ಇನ್ನೊಂದು ಆದೇಶ ಕಳಿಸಿ, ಅದನ್ನು ನಿಲ್ಲಿಸಿ ಆಂಟಿ, ಇಲ್ಲದಿದ್ದರೆ ನೀವು ಸಾಯುತ್ತೀರಿ. ಆ ಮೇಜಿನ ಕಟ್ಟುಪಾಡಿನಂತೆ, ಪಾತ್ರ ಸತ್ತರೆ ಅದೇ ಕಸುಬು ಮತ್ತೆ ಸಿಗದು. ನನ್ನ ಹ್ಯಾಕರ್‌ಗಿರಿ ಅಲ್ಲಿಗೆ ಮುಗಿದಂತೆ. ಡಾಕ್ಟರ್ ಪಾತ್ರದ ಹಾಳೆ ಇನ್ನೂ ಪೆಟ್ಟಿಗೆಯಲ್ಲೇ ಇತ್ತು.

ತಂಗಿಯ ಮಗಳು ದನಿ ಬದಲಿಸಿ ಕಂಪನಿಯ ಅಧಿಕಾರಿಯಾದಳು. ಉಳಿದವರಿಗೆ ಹಿಂದಿಯಲ್ಲಿ ಹೇಳಿ, ನನಗೆ ಮನೆಮಾತಿನಲ್ಲಿ ಹೇಳಿದಳು: "ಮೇಡಂ, ನಮಗೇನು ಸಿಟ್ಟಿಲ್ಲ. ಕಣ್ತಪ್ಪಿನಿಂದ ಆತು, ಹಿಂದಕ್ಕ ತಗೊಂಡೀನಿ ಅಂತ ಬರಕೊಡ್ರಿ. ನಿಮ್ಮನ್ನ ಬಿಟ್ಟಬಿಡ್ತೀವಿ."

ಕೀಲಿಯ ಕಥೆ ಅವಳಿಗೆ ಗೊತ್ತಿರಲಿಲ್ಲ, ನಾನು ಯಾರಿಗೂ ಹೇಳಿರಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ನಿಯಮ ಓದವಾ," ಅಂದೆ. "ಏಜೆಂಟಿಗೆ ಮುಂದಿನ ಆದೇಶ ಯಾರು ಕೊಡಬೇಕು?"

"ಕಳಿಸಿದವರು. ಅವರ ಯಂತ್ರದಿಂದ ಮಾತ್ರ."

"ಕಳಿಸಿದಾಕಿ ಸತ್ತರ? ಯಂತ್ರಾನೂ ಒಡದರ?"

ಅವಳು ಪುಸ್ತಕ ತಿರುವಿದಳು. ಮತ್ತೆ ಹಿಂದಕ್ಕೆ ತಿರುವಿದಳು. "ಹಂಗಾದ್ರ... ಆದೇಶ ಕೊಡಾವರು ಯಾರೂ ಉಳಿಯಂಗಿಲ್ರಿ."

"ಹಂಗಾರ ಯಂತ್ರ ಒಡದೆ. ಈ ಮೂರೂ ಮಂದಿ ಹಿತ್ತಲ ಬಾಗಲಿನಿಂದ ಹೋಗಲಿ. ನಾ ಮುಂದಿನ ಬಾಗಲದಾಗ ಕುಂತೀನಿ. ಬರಕೊಡಾಂಗಿಲ್ಲ. ಹಾಕು ದಾಳ."

ದಾಳ ಬಿತ್ತು. ನಾನು ಸತ್ತೆ. "ಆಂಟಿ, ಯೇ ಕ್ಯಾ ಕರೇ ಆಪ್?" ಅಂತ ಗಡ್ಡದವನು ತಲೆಯ ಮೇಲೆ ಕೈ ಹೊತ್ತು ಕೂತ.

ಈಗ ನಾನು ಡಾಕ್ಟರ್. ಬ್ಯಾಂಡೇಜ್ ಸುತ್ತುತ್ತೇನೆ, ಗೊಣಗುತ್ತೇನೆ. ಪ್ರತಿ ಭಾನುವಾರ ತಂಗಿಯ ಮಗಳು ಏಜೆಂಟಿನ ದಾಳ ಉರುಳಿಸಿಯೇ ಆಟ ಶುರು ಮಾಡುತ್ತಾಳೆ. ಬಸ್ತಿಯ ಒಂದು ಗೋಡೆಯೂ ಬಿದ್ದಿಲ್ಲ. ಮೂರನೇ ಮಹಡಿಯ ಬೀಗ ಇದರಿಂದ ತೆರೆಯಲಿಲ್ಲ, ನನಗೆ ಅಂಥ ಭ್ರಮೆಯಿಲ್ಲ. ಹೋದ ವಾರ ನಾಂಪಲ್ಲಿಗೆ ಹೋಗಿ ಅದೇ ಕಚೇರಿಗೆ ಒಂದು ಕಾಗದ ಕೊಟ್ಟು ಬಂದೆ. ಕೀಲಿಯ ಆದೇಶ ಕಣ್ತಪ್ಪಿನಿಂದ ಹೊರಟದ್ದಲ್ಲ, ಯೋಚಿಸಿ ಬೇಕೆಂದೇ ಬರೆದದ್ದು, ಅದನ್ನು ಮತ್ತೆ ಜಾರಿಗೆ ತನ್ನಿ ಎಂದು ಬರೆದಿದ್ದೆ. ಕೆಳಗೆ ಸಹಿ ನನ್ನದು.